ಪರರಾಜ್ಯದ ಅನ್ಯಾಯವೂ ನೆರೆಯವನ ನಾಲಿಗೆಯೂ

ಕೆಲವು ವರುಷಗಳ ಹಿಂದೆ, ಮೆಣಸಿನಕಾಯಿಯ ಸುಗ್ಗಿಯ ದಿನಗಳಲ್ಲಿ, ನಮ್ಮ ಬ್ಯಾಡಗಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಗೃಹಸ್ಥರೊಬ್ಬರು ನನ್ನ ಮನೆಗೆ ಬಂದರು. ಅವರ ಮಗನು ನನ್ನ ಕೈಯಲ್ಲಿ ಓದಿದವನು. ಅರಬ ದೇಶವೊಂದಕ್ಕೆ ದುಡಿಯಲು ಹೋಗಿದ್ದನು. ಅಲ್ಲಿಯ ಧಣಿಯು ಅವನ ಪಾಸಪೋರ್ಟನ್ನು ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡು, ನಾಲ್ಕು ತಿಂಗಳ ಪಗಾರವನ್ನೂ ಕೊಡದೆ, ಊರಿಗೂ ಹೋಗಗೊಡದೆ ಇರಿಸಿದ್ದನು. ದಿಲ್ಲಿಗೆ ಕಳಿಸಲು ಒಂದು ಅರ್ಜಿಯನ್ನು ಬರೆದು ಕೊಡಬೇಕೆಂದು ತಂದೆಯ ಬಿನ್ನಹ. ನಾನು ಬರೆದೆನು. ಕಡೆಯಲ್ಲಿ, ಇದು ಒಬ್ಬ ಧಣಿಯ ಕೇಡಿಗತನವಷ್ಟೇ ಅಲ್ಲ, ಧಣಿಗೆ ಇಂಥ ಅಧಿಕಾರವನ್ನು ಕೊಟ್ಟ ಆ ದೇಶದ ಅರಸನ ಕಾಯಿದೆಯ ಫಲವೆಂದೂ, ನಮ್ಮ ಮಂತ್ರಿಗಳು ಆ ಅರಸನಿಗೇ ಈ ಮಾತನ್ನು ಮುಖಾಮುಖಿಯಾಗಿ ಹೇಳಬೇಕೆಂದೂ ಒಂದು ವಾಕ್ಯವನ್ನು ಸೇರಿಸಿದೆನು. ಅವರು ಅದನ್ನು ಎರಡು ಸಾರೆ ಓದಿದರು. “ಮಾಸ್ತರ, ಉಳದದ್ದೆಲ್ಲಾ ಇರಲಿ, ಅರಸನ ಮಾತೊಂದು ತಗದುಬಿಡ್ರಿ. ಹುಡುಗ ಇನ್ನೂ ಅವರ ಕೈಯಾಗ ಅದಾನ” ಎಂದರು. ನಾನು ಆ ವಾಕ್ಯವನ್ನು ಹೊಡೆದು ಹಾಕಿದೆನು.

ಐದು ತಿಂಗಳ ಮೇಲೆ ಹುಡುಗನು ಮನೆಗೆ ಬಂದನು. ತಂದೆಯ ಕಣ್ಣೀರು ಒರಸಿತು. ಆದರೆ ಹೊಡೆದು ಹಾಕಿದ ಆ ವಾಕ್ಯವು ಮಾತ್ರ ನನ್ನ ಮನಸ್ಸಿನಿಂದ ಅಳಿಯಲಿಲ್ಲ. ಆ ತಂದೆಯು ಸುಮ್ಮನಿರೆಂದದ್ದು ತಪ್ಪೆ? ಅಲ್ಲವೆಂದೇ ನನ್ನ ನಿಶ್ಚಯ. ಹಾಗಾದರೆ ನಾನು ಸುಮ್ಮನಾದದ್ದು ಸರಿಯೆ? ಒಂದು ರಾಜ್ಯದ ಪ್ರಜೆಗಳ ಮೇಲೆ ಅಂಕೆಯಿಲ್ಲದ ಅರಸನು ನಡಿಸುವ ಅನ್ಯಾಯವನ್ನು ಕುರಿತು ಇನ್ನೊಂದು ರಾಜ್ಯದ ಮುಖಂಡರು ಬಾಯಿ ಬಿಡುವದು ಧರ್ಮವೋ, ಪರರ ಮನೆಯ ಜಗಳದಲ್ಲಿ ತಲೆ ಹಾಕುವ ಅಧಿಕಪ್ರಸಂಗವೋ? ಈ ಪ್ರಶ್ನೆಯನ್ನು ಯಥಾಮತಿಯಾಗಿ ವಿಚಾರಿಸುವದೇ ಈ ಲೇಖನದ ಉದ್ದೇಶವು.

ನಮ್ಮ ಸೀಮೆಯವರಿಗೆ ಈ ಪ್ರಶ್ನೆಯು ಹೊಸದಲ್ಲ. ವಾಚಕರು ೧೯೪೭ಕ್ಕೆ ಮುಂಚಿನ ಭೂಪಟವನ್ನು ಬಿಚ್ಚಿ ನೋಡಬೇಕು. ಬ್ಯಾಡಗಿ, ಹಾವೇರಿ, ರಾಣೇಬೆನ್ನೂರುಗಳು ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯೊಳಗಿನ ಖಾಲಸಾ ಊರುಗಳು. ರಾಣೇಬೆನ್ನೂರಿನ ಕಡೆಯಿಂದ ತುಂಗಭದ್ರೆಯನ್ನು ದಾಟಿದರೆ ಹರಿಹರ. ಅದು ಮೈಸೂರು ಅರಸರದು. ಹಾವೇರಿಯ ಮಗ್ಗುಲಿನ ಸವಣೂರು ನವಾಬರದು. ಶಿರಹಟ್ಟಿ ಸಾಂಗಲಿ ಸಂಸ್ಥಾನಿಕರದು. ಮೂಡಲಿಗೆ ಮುಂಡರಗಿಯನ್ನು ದಾಟಿದರೆ ಹೈದರಾಬಾದಿನ ನಿಜಾಮರ ರಾಜ್ಯ; ನಮ್ಮ ಹಿರಿಯರು ಅದನ್ನು ಮೊಗಲಾಯಿ ಎನ್ನುತ್ತಿದ್ದರು. ಆಡುವ ನುಡಿ ಒಂದೇ, ಕೊಟ್ಟು ತರುವ ಮನೆಗಳು ಒಂದೇ. ಆದರೆ ಹೊಲದ ಬದುವನ್ನು ದಾಟಿದರೆ ಅರಸು ಬೇರೆ. ಖಾಲಸಾದಲ್ಲಿಯೂ ಸ್ವಾತಂತ್ರ್ಯವಿತ್ತೆಂದಲ್ಲ. ನಮ್ಮ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ೧೯೪೩ರ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ ಪೋಲೀಸರ ಗುಂಡಿಗೆ ಬಲಿಯಾದುದನ್ನು ಯಾರು ಮರೆತಾರು? ಆದರೂ ಇಲ್ಲಿ ಒಂದು ಸಭೆ, ಒಂದು ಪತ್ರಿಕೆ, ಒಂದು ಕೋರ್ಟು ಎಂಬುವು ಇದ್ದುವು. ನಿಜಾಮರ ರಾಜ್ಯದಲ್ಲಿ ಸಭೆ ನೆರೆಯಬೇಕಾದರೂ ದರಬಾರಿನ ಅಪ್ಪಣೆ ಬೇಕಿದ್ದಿತು. ಹೈದರಾಬಾದಿನ ಪ್ರಜೆಗಳ ರಾಜಕೀಯ ಪರಿಷತ್ತುಗಳು ೧೯೨೩ರಲ್ಲಿ ಕಾಕಿನಾಡಾದಲ್ಲಿ, ೧೯೨೬ರಲ್ಲಿ ಮುಂಬಯಿಯಲ್ಲಿ, ೧೯೨೮ರಲ್ಲಿ ಪುಣೆಯಲ್ಲಿ, ೧೯೩೧ರಲ್ಲಿ ಅಕೋಲೆಯಲ್ಲಿ ಕೂಡಿದುವು. ಒಂದೂ ಸ್ವಂತ ರಾಜ್ಯದೊಳಗೆ ಕೂಡಲಿಲ್ಲ. ತನ್ನ ಮನೆಯ ದುಃಖವನ್ನು ಹೇಳಲು ನೆರೆಯವನ ಜಗುಲಿಯನ್ನು ಬೇಡಬೇಕಾದವನ ಸ್ಥಿತಿಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಷ್ಟಾಂತವು ಬೇಡ.

ಇನ್ನು ಆಕ್ಷೇಪವನ್ನು ನೋಡುವ. “ಅವರವರ ರಾಜ್ಯ ಅವರವರಿಗೆ. ಹೊರಗಿನವರು ತಟಸ್ಥರಾಗಿರತಕ್ಕದ್ದು” ಎಂಬುದು ಮೊದಲನೆಯ ಆಕ್ಷೇಪವು. ಇದು ಕೇಳುವದಕ್ಕೆ ನ್ಯಾಯವಾಗಿ ತೋರುತ್ತದೆ. ಆದರೆ ಹೊರಗಿನವನು ನಿಜವಾಗಿ ತಟಸ್ಥನಾಗಿರುವನೇ ಎಂಬುದನ್ನು ಮೊದಲು ಪರೀಕ್ಷಿಸಬೇಕು.

ನಮ್ಮ ಪುರಾಣಗಳಲ್ಲಿ ವೇನನೆಂಬ ಅರಸನ ಕಥೆಯುಂಟು. ಅವನು ಧರ್ಮವನ್ನು ಮೀರಿ ತಾನೇ ದೇವರೆಂದು ಸಾರಿಕೊಂಡಾಗ, ಋಷಿಗಳು ಮೊದಲು ಬುದ್ಧಿ ಹೇಳಿದರು. ಕೇಳದಿರಲು ಅವನನ್ನು ಕೊಂದು, ಪೃಥುವನ್ನು ಅರಸನನ್ನಾಗಿ ಮಾಡಿದರು. ಕಥೆಯ ಇಂಗಿತವೇನು? ಅರಸನ ಅಧಿಕಾರಕ್ಕೆ ಕಾಯಿದೆಯ ಅಂಕೆಯು ಇಲ್ಲದ ಕಾಲದಲ್ಲಿಯೂ ಪ್ರಜೆಗಳ ಕೋಪವೆಂಬ ಒಂದು ಅಂಕೆಯು ಇದ್ದೇ ಇತ್ತು. ಕೆಟ್ಟ ಅರಸನು ಅದಕ್ಕೆ ಅಂಜಬೇಕಾಗಿತ್ತು. ಆಂಗ್ಲರ ಸಹಾಯಕ ಸೈನ್ಯದ ಪದ್ಧತಿಯು ಈ ಅಂಕೆಯನ್ನೇ ಕಿತ್ತು ಹಾಕಿತು. ೧೭೯೮ರಲ್ಲಿ ನಿಜಾಮರು ಆ ಒಪ್ಪಂದಕ್ಕೆ ಕೈಯಿಕ್ಕಿದರು. ಆ ಬಳಿಕ ಅರಸನು ಪ್ರಜೆಗಳಿಗೆ ಅಂಜಬೇಕಾದ ಕಾರಣವಿಲ್ಲ. ಅವರು ಎದ್ದರೆ ಅಡಗಿಸುವದಕ್ಕೆ ಬೇರೊಬ್ಬರ ಫೌಜು ಸಿದ್ಧವಾಗಿತ್ತು. ೧೮೩೦ರಲ್ಲಿ ನಮ್ಮ ತೆಂಕಣದ ನೆರೆಯಾದ ನಗರ ಸೀಮೆಯ ರೈತರು ಮೈಸೂರಿನ ಆಡಳಿತದ ಸುಲಿಗೆಯನ್ನು ತಾಳಲಾರದೆ ಎದ್ದು ನಿಂತಾಗ ಅವರನ್ನು ಮುರಿದುದರಲ್ಲಿ ಆಂಗ್ಲರ ದಂಡಿನ ಕೈಯೂ ಇದ್ದಿತು.

ಹೀಗೆ ಅರಸನ ಗದ್ದುಗೆಗೆ ತಾನೇ ಆಧಾರಸ್ತಂಭವಾಗಿ ನಿಂತವನು “ನಾನು ತಟಸ್ಥನು” ಎಂದರೆ ಅದು ಎಂಥ ತಾಟಸ್ಥ್ಯ? ಮುಂದೆ ೧೯೨೭ರಲ್ಲಿ ಸರ್ ಹಾರ್ಕೋರ್ಟ್ ಬಟ್ಲರರ ಅಧ್ಯಕ್ಷತೆಯಲ್ಲಿ ಸಂಸ್ಥಾನಗಳ ಕಮಿಟಿಯೊಂದು ನೇಮಕವಾಯಿತು. ಅದೇ ವರುಷ ಹುಟ್ಟಿದ ಸಂಸ್ಥಾನ ಪ್ರಜಾಪರಿಷತ್ತಿನವರು ಆಂಗ್ಲ ಮುತ್ಸದ್ದಿಗಳ ಮುಂದೆ ತಮ್ಮ ಅಳಲನ್ನು ತೋಡಿಕೊಳ್ಳಲು ಸಮುದ್ರವನ್ನು ದಾಟಿ ಲಂಡನ್ನಿಗೆ ಹೋದರು. ಕಮಿಟಿಯು ಸಂಸ್ಥಾನಿಕರ ಮಾತನ್ನು ಕೇಳಿತು. ಪ್ರಜೆಗಳ ಮಾತನ್ನು ಕೇಳಲೊಲ್ಲೆನೆಂದಿತು. ೧೯೨೯ರ ಅದರ ವರದಿಯ ಅಭಿಪ್ರಾಯವಿಷ್ಟು: ಪ್ರಜೆಗಳು ಆಡಳಿತದಲ್ಲಿ ಬದಲಾವಣೆಯನ್ನು ಬೇಡಿದ ಪಕ್ಷದಲ್ಲಿ ಸಾರ್ವಭೌಮ ಸತ್ತೆಯು ಅರಸನ ಹಕ್ಕುಗಳನ್ನು ಕಾಯಲೇಬೇಕು, ಅರಸನನ್ನು ತೆಗೆಯದೆ ಬೇಡಿಕೆಯನ್ನು ತಣಿಸುವ ಉಪಾಯವನ್ನು ಸೂಚಿಸಬೇಕು. ಅರಸನ ಪಟ್ಟಾಭಿಷೇಕ, ದತ್ತಕ, ಗಡಿ ಇವುಗಳಲ್ಲಿ ಕೈಹಾಕಲು ಎಂದೂ ಹಿಂಜರಿಯದ ಸತ್ತೆಯು ಪ್ರಜೆಯ ಬೆನ್ನ ಮೇಲಿನ ಬಾಸುಂಡೆಯನ್ನು ತೋರಿಸಿದಾಗ ಮಾತ್ರ “ಇದು ನಿಮ್ಮ ಮನೆಯ ಮಾತು” ಎಂದಿತು. ಇದರಿಂದ ಒಂದು ಸಿದ್ಧಾಂತವು ಹೊರಡುತ್ತದೆ. ಶಸ್ತ್ರವನ್ನೋ ಹಣವನ್ನೋ ಮಾನ್ಯತೆಯನ್ನೋ ಕೊಟ್ಟು ಅರಸನನ್ನು ಎತ್ತಿ ಹಿಡಿದವನಿಗೆ ಮೌನವಾಗಿರುವ ಅಧಿಕಾರವು ಉಳಿಯುವದಿಲ್ಲ. ಅವನು ಈಗಾಗಲೇ ಕೈಯಿಕ್ಕಿದ್ದಾನೆ; ಇಕ್ಕಿದ ಕೈಯು ಯಾರ ಕಡೆಗೆಂಬುದಷ್ಟೇ ಪ್ರಶ್ನೆ.

ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದುದು. “ಅರಸನು ಒಳ್ಳೆಯವನಾಗಿದ್ದರೆ ಹೊರಗಿನವರ ಗೊಡವೆಯೇಕೆ?” ಎನ್ನುವರು. ಇದಕ್ಕೆ ಮೈಸೂರಿಗಿಂತ ತಕ್ಕ ಉದಾಹರಣೆಯಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಪ್ರಜಾವತ್ಸಲರೆಂಬುದರಲ್ಲಿ ಎರಡು ಮಾತಿಲ್ಲ. ಶಾಲೆ, ವಿದ್ಯುಚ್ಛಕ್ತಿ, ನೀರಾವರಿಗಳಲ್ಲಿ ಅವರ ರಾಜ್ಯವು ಖಾಲಸಾಕ್ಕೂ ಮೇಲ್ಪಂಕ್ತಿಯಾಗಿತ್ತು. ಮಹಾತ್ಮರೇ ಅವರನ್ನು ಮನಸಾರೆ ಕೊಂಡಾಡಿದ್ದರು. ಇಂಥ ರಾಜ್ಯದಲ್ಲಿ ೧೯೩೮ರ ಏಪ್ರಿಲ್ ೨೫ರಂದು, ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ, ರಾಷ್ಟ್ರಧ್ವಜವನ್ನು ಏರಿಸಲು ನೆರೆದ ಜನರ ಮೇಲೆ ಗುಂಡು ಹಾರಿತು. ಸತ್ತವರು ಹತ್ತು ಮಂದಿಯೆಂದು ಸರಕಾರವು ಹೇಳಿತು; ಮೂವತ್ತೆರಡೆಂದು ಜನರು ಹೇಳಿದರು. ಅರಸನ ಹೃದಯದಲ್ಲಿ ದಯೆ ಇದ್ದಿತು. ಆದರೆ ದಯೆಯೆಂಬುದು ಕೊಡುವವನ ಸೊತ್ತು, ಹಕ್ಕೆಂಬುದು ಪಡೆಯುವವನ ಸೊತ್ತು. ಕೊಡುವವನು ನಿದ್ರೆಹೋದ ಹೊತ್ತಿನಲ್ಲಿ, ಇಲ್ಲವೆ ಅವನ ಹೆಸರಿನಲ್ಲಿ ಮತ್ತೊಬ್ಬನು ಅಪ್ಪಣೆ ಕೊಟ್ಟ ಹೊತ್ತಿನಲ್ಲಿ, ದಯೆಯ ಮೇಲೆ ಬದುಕುವವನಿಗೆ ನಿಲ್ಲುವ ನೆಲವಿಲ್ಲ. ಒಳ್ಳೆಯ ಅರಸನ ರಾಜ್ಯದಲ್ಲಿಯೇ ಇದು ಹೀಗಾದರೆ ಕೆಟ್ಟವನ ರಾಜ್ಯದ ಮಾತೇನು?

ಆ ಸಮಯದಲ್ಲಿ ಹೊರಗಿನವರು ನಡೆದುಕೊಂಡ ರೀತಿಯು ವಿಚಾರಾರ್ಹವಾದುದು. ೧೯೩೭ರ ಅಕ್ಟೋಬರದಲ್ಲಿ ಕಲಕತ್ತೆಯಲ್ಲಿ ಕೂಡಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಮೈಸೂರಿನ ದಬ್ಬಾಳಿಕೆಯನ್ನು ಖಂಡಿಸಿದಾಗ, ಸಂಸ್ಥಾನಗಳ ವಿಷಯದಲ್ಲಿ ಕಾಂಗ್ರೆಸ್ಸಿನ ತಟಸ್ಥನೀತಿಗೆ ಇದು ವಿರುದ್ಧವೆಂದು ಗಾಂಧೀಜಿಯವರೇ ಆಕ್ಷೇಪಿಸಿದರು. ೧೯೩೮ರ ಫೆಬ್ರುವರಿಯಲ್ಲಿ ಹರಿಪುರದ ಅಧಿವೇಶನವೂ ಸಂಸ್ಥಾನಗಳ ಪ್ರಜೆಗಳು ತಮ್ಮ ಹೋರಾಟವನ್ನು ತಮ್ಮ ಕಾಲ ಮೇಲೆಯೇ ನಡಿಸಬೇಕೆಂದು ಗೊತ್ತುಪಡಿಸಿತು. ವಿದುರಾಶ್ವತ್ಥದ ನೆತ್ತರು ಹರಿದ ಮೇಲೆ ಸರದಾರ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನ ಮಿರ್ಜಾ ಇಸ್ಮಾಯಿಲರ ಸಂಗಡ ಮಾತಾಡಿದರು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ, ರಾಜ್ಯದ ಧ್ವಜದೊಡನೆ ರಾಷ್ಟ್ರಧ್ವಜವನ್ನೂ ಏರಿಸುವ ಹಕ್ಕು, ಬಂದಿಗಳ ಬಿಡುಗಡೆ ಇವು ಆ ಮಾತಿನ ಫಲಗಳು. ೧೯೩೯ರ ಜನವರಿಯಲ್ಲಿ ಗಾಂಧೀಜಿಯವರು, ಪ್ರಜೆಗಳು ಎಚ್ಚರಗೊಂಡು ಕಷ್ಟವನ್ನು ಉಣ್ಣಲು ಸಿದ್ಧರಾದ ಬಳಿಕ ತಟಸ್ಥನೀತಿಯು ಹೇಡಿತನವಾಗುವದೆಂಬ ಅಭಿಪ್ರಾಯವನ್ನು ಬಹಿರಂಗವಾಗಿ ಹೇಳಿದರು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲು ಒಳಗಿನವರು ಎದ್ದರು, ಆಮೇಲೆ ಹೊರಗಿನವರು ಮಾತಾಡಿದರು. ಮತ್ತು ಮಾತಾಡಿದವರು ಕತ್ತಿಯನ್ನು ಹಿಡಿದು ಬರಲಿಲ್ಲ.

ಆ ಊರಿನ ಹೆಸರಿನಲ್ಲಿಯೇ ಒಂದು ಉಪದೇಶವಿದ್ದಂತಿದೆ. ವಿದುರನು ನೆಟ್ಟ ಅಶ್ವತ್ಥವು ಅದೆಂದು ಐತಿಹ್ಯ. ಕೌರವರ ಸಭೆಯಲ್ಲಿ ದ್ರೌಪದಿಯು ಪ್ರಶ್ನೆ ಕೇಳಿದಾಗ ಭೀಷ್ಮರು ಧರ್ಮವು ಸೂಕ್ಷ್ಮವೆಂದು ಕೈಚೆಲ್ಲಿದರು. ದ್ರೋಣರು ಸುಮ್ಮನೆ ಕುಳಿತರು. ಬಾಯಿ ತೆರೆದವರು ವಿದುರನೂ ದುರ್ಯೋಧನನ ತಮ್ಮನಾದ ವಿಕರ್ಣನೂ. ಮುಂದೆ ಪರರಾಜ್ಯದಿಂದ ಶ್ರೀಕೃಷ್ಣನು ದೂತನಾಗಿ ಅದೇ ಸಭೆಗೆ ಬಂದು, ಅರಸನ ಮುಖದೆದುರಿಗೆ ಅನ್ಯಾಯವನ್ನು ಅನ್ಯಾಯವೆಂದು ಹೇಳಿದನು. “ದ್ವಾರಕೆಯವನಿಗೆ ಹಸ್ತಿನಾವತಿಯ ಗೊಡವೆಯೇಕೆ?” ಎಂದು ವ್ಯಾಸರು ಎಲ್ಲಿಯೂ ಅವನನ್ನು ತಪ್ಪುಗಾರನನ್ನಾಗಿ ಮಾಡಿಲ್ಲ. ಅವನನ್ನು ಕಟ್ಟಿಹಾಕಲು ಯತ್ನಿಸಿದ ದುರ್ಯೋಧನನೇ ತಪ್ಪುಗಾರನು.

ಇಷ್ಟಾದರೂ ಮೂರನೆಯ ಆಕ್ಷೇಪವೊಂದು ಉಳಿಯುತ್ತದೆ; ಅದನ್ನು ನಾನು ಹಗುರಾಗಿ ಎಣಿಸಲಾರೆನು. ಅನ್ಯಾಯವನ್ನು ತಿದ್ದುವ ನೆವದಿಂದ ಬಂದವನು ಮನೆಯನ್ನೇ ನುಂಗಿದರೆ? ನಗರದ ದಂಗೆಯ ಮರುವರುಷ, ೧೮೩೧ರಲ್ಲಿ, ದುರಾಡಳಿತವನ್ನು ಸರಿಪಡಿಸುವೆವೆಂದು ಆಂಗ್ಲರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. ಮರಳಿ ಕೊಟ್ಟದ್ದು ೧೮೮೧ರಲ್ಲಿ. ೧೮೫೬ರಲ್ಲಿ ಔಧ ರಾಜ್ಯವನ್ನು ಇದೇ ನೆವದಿಂದ ನುಂಗಿದರು. ಆದ್ದರಿಂದ ಪರರಾಜ್ಯದವನು ಎತ್ತಿದ ಪ್ರತಿಯೊಂದು ದನಿಯೂ ಧರ್ಮದ ದನಿಯೆಂದು ನಂಬುವದು ಮೂಢತನವೇ ಸರಿ.

ಹೈದರಾಬಾದಿನ ಪ್ರಸಂಗವು ಈ ತೊಡಕನ್ನೆಲ್ಲ ಒಂದೆಡೆಯಲ್ಲಿ ತೋರಿಸುತ್ತದೆ. ೧೯೪೭ರ ಆಗಸ್ಟಿನಲ್ಲಿ ದೇಶವು ಸ್ವತಂತ್ರವಾದರೂ ನಿಜಾಮರು ಬೇರೆಯೇ ಉಳಿದರು. ಕಾಸಿಂ ರಜವಿಯ ರಜಾಕಾರರು ಹಳ್ಳಿಗಳನ್ನು ಸುಲಿದರು. ಅವರನ್ನು ಖಂಡಿಸಿ ಬರೆದ ‘ಇಮ್ರೋಜ’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು ೧೯೪೮ರ ಆಗಸ್ಟಿನಲ್ಲಿ ಕೊಂದರು. ಕೊಲೆಯಾದವರು ಮುಸಲ್ಮಾನರೆಂಬುದನ್ನು ನೆನೆದರೆ ಈ ಕಲಹವು ಮತಗಳ ನಡುವಿನದಲ್ಲ, ಅಂಕೆಯಿಲ್ಲದ ಅಧಿಕಾರಕ್ಕೂ ನಿಜ ನುಡಿಯುವ ನಾಲಿಗೆಗೂ ನಡುವಿನದೆಂಬುದು ಸ್ಪಷ್ಟವಾಗುತ್ತದೆ. ಆಗ ನಮ್ಮ ಧಾರವಾಡ ಜಿಲ್ಲೆಯು ಸುಮ್ಮನಿರಲಿಲ್ಲ. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರಗಳು ನಿಂತುವು. ಮೊಗಲಾಯಿಯ ಕನ್ನಡಿಗನ ದುಃಖವು ಗಡಿಯಾಚೆಯದೆಂದು ಯಾರೂ ಅನ್ನಲಿಲ್ಲ. ೧೯೪೮ರ ಸೆಪ್ಟೆಂಬರ ೧೩ರಂದು ಹೊರಟ ಭಾರತದ ಸೈನ್ಯವು ೧೭ರಂದು ಆ ಅರಸೊತ್ತಿಗೆಯನ್ನು ಕೊನೆಗಾಣಿಸಿತು.

ಇಲ್ಲಿಗೆ ಕಥೆಯನ್ನು ಮುಗಿಸಿದರೆ ನಮಗೆ ಹಿತವಾಗಿರುತ್ತಿತ್ತು. ಆದರೆ ಸತ್ಯವು ಇನ್ನೂ ಮುಂದಕ್ಕಿದೆ. ಆ ಗೆಲುವಿನ ಬೆನ್ನಿಗೇ ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಮುಸಲ್ಮಾನರ ಕೊಲೆ ಸುಲಿಗೆಗಳಾದುವು. ಸರಕಾರವೇ ಕಳಿಸಿದ ಪಂಡಿತ ಸುಂದರಲಾಲರ ಸಮಿತಿಯು ಸತ್ತವರು ೨೭,೦೦೦ದಿಂದ ೪೦,೦೦೦ದ ವರೆಗೆ ಇರಬಹುದೆಂದು ಅಂದಾಜು ಮಾಡಿತು. ಆ ವರದಿಯನ್ನು ಹಲವು ದಶಕಗಳ ವರೆಗೆ ಪ್ರಕಟಿಸಲಿಲ್ಲ. ನೆರೆಯ ಅರಸನ ತಪ್ಪನ್ನು ಎತ್ತಿ ಹೇಳಿದ ನಾವು ನಮ್ಮ ಕಡೆಯ ತಪ್ಪನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದೆವು. ಅದೇ ಸೆಪ್ಟೆಂಬರದಲ್ಲಿ ನಿಜಾಮರ ದೂರು ಸಂಯುಕ್ತ ರಾಷ್ಟ್ರಸಂಘದ ಭದ್ರತಾ ಸಮಿತಿಯ ಮುಂದೆ ಬಂದಾಗ, ಭಾರತದ ಪರವಾಗಿ ನಿಂತವರು ಮೈಸೂರಿನ ದಿವಾನರಾಗಿದ್ದ ಸರ್ ರಾಮಸ್ವಾಮಿ ಮೊದಲಿಯಾರರು. ಇದು ನಮ್ಮ ಮನೆಯ ಮಾತೆಂಬುದೇ ನಮ್ಮ ವಾದದ ತಿರುಳು. ಎರಡೇ ವರುಷಗಳ ಹಿಂದೆ, ೧೯೪೬ರಲ್ಲಿ, ದಕ್ಷಿಣ ಆಫ್ರಿಕೆಯ ಭಾರತೀಯರಿಗಾಗುವ ಅನ್ಯಾಯವನ್ನು ನಾವೇ ಆ ಸಂಘದ ಮುಂದಿಟ್ಟು, ಜನರಲ್ ಸ್ಮಟ್ಸರು “ಇದು ನಮ್ಮ ಮನೆಯ ಮಾತು” ಎಂದಾಗ ಅದನ್ನು ಅಲ್ಲಗಳೆದಿದ್ದೆವು. ಹೈದರಾಬಾದು ಬೇರೆ ರಾಷ್ಟ್ರವಾಗಿರಲಿಲ್ಲವೆಂಬ ಮಾತು ನಿಜವೇ. ಆದರೂ ತನ್ನ ಸರದಿ ಬಂದಾಗ ಪ್ರತಿಯೊಬ್ಬನ ಬಾಯಿಗೂ ಈ ಒಂದೇ ಮಾತು ಬರುವದೆಂಬುದನ್ನು ನೆನೆದರೆ ನಾಚಿಕೆಯಾಗಬೇಕು.

ಇದರಿಂದ ನೆರೆಯವನು ಸುಮ್ಮನಿರಬೇಕೆಂದು ಸಿದ್ಧವಾಗುವದಿಲ್ಲ. ಅಳೆಯುವ ಕೊಳಗವು ಒಂದೇ ಇರಬೇಕೆಂದು ಸಿದ್ಧವಾಗುತ್ತದೆ. ಪೇಟೆಯಲ್ಲಿ ಕೊಳ್ಳುವದಕ್ಕೊಂದು, ಮಾರುವದಕ್ಕೊಂದು ತೂಕವನ್ನಿಟ್ಟುಕೊಂಡ ದಲಾಲನನ್ನು ನಾವು ಮೋಸಗಾರನೆನ್ನುವೆವು. ಅದಕ್ಕಾಗಿ ತಕ್ಕಡಿಯೇ ಬೇಡವೆನ್ನುವದಿಲ್ಲ. ೧೯೪೮ರ ಡಿಸೆಂಬರ ೧೦ರಂದು ರಾಷ್ಟ್ರಗಳು ಕೂಡಿ ಮಾನವ ಹಕ್ಕುಗಳ ಘೋಷಣೆಯನ್ನು ಒಪ್ಪಿದುದು ಇಂಥ ಒಂದು ಸರ್ವಸಾಧಾರಣ ತಕ್ಕಡಿಯನ್ನು ನಿಲ್ಲಿಸುವದಕ್ಕಾಗಿಯೇ. ಅದರ ಮೊದಲನೆಯ ವಿಧಿಯಲ್ಲಿ ಪುರುಷರನ್ನಷ್ಟೇ ಸೂಚಿಸಬಹುದಾಗಿದ್ದ ಪದವನ್ನು ತೆಗೆಯಿಸಿ ಮಾನವಜೀವಿಗಳೆಲ್ಲರೆಂಬ ಅರ್ಥದ ಪದವನ್ನು ಹಾಕಿಸಿದವರು ನಮ್ಮ ದೇಶದ ಶ್ರೀಮತಿ ಹಂಸಾ ಮೆಹತಾ ಅವರು. ಅಂದು ೪೮ ರಾಷ್ಟ್ರಗಳು ಒಪ್ಪಿದುವು, ಯಾವುದೂ ವಿರೋಧಿಸಲಿಲ್ಲ, ಎಂಟು ರಾಷ್ಟ್ರಗಳು ಮತ ಕೊಡದೆ ಉಳಿದುವು. ಆ ಎಂಟರಲ್ಲಿ ದಕ್ಷಿಣ ಆಫ್ರಿಕೆಯೂ ಒಂದು, ಸೌದಿ ಅರಸರ ರಾಜ್ಯವೂ ಒಂದು.

ಈಗ ನಮ್ಮ ಕಾಲಕ್ಕೆ ಬರುವ. ಆ ಸೌದಿ ರಾಜ್ಯದಲ್ಲಿಯೇ ರೈಫ್ ಬದಾವಿ ಎಂಬ ಬರಹಗಾರನಿಗೆ ೨೦೧೪ರಲ್ಲಿ ಹತ್ತು ವರುಷದ ಸೆರೆಮನೆಯೂ ಸಾವಿರ ಛಡಿಯೇಟುಗಳೂ ಶಿಕ್ಷೆಯಾದುವು. ೨೦೧೫ರ ಜನವರಿಯಲ್ಲಿ ಐವತ್ತು ಏಟುಗಳನ್ನು ಜನರ ಕಣ್ಣೆದುರಿಗೆ ಹೊಡೆದರು. ಸ್ವೀಡನ್ ದೇಶದ ವಿದೇಶಾಂಗ ಮಂತ್ರಿಣಿ ಮಾರ್ಗೊಟ್ ವಾಲ್‌ಸ್ಟ್ರಾಮ್ ಎಂಬವರು ಇದು ಅನಾಗರಿಕವೆಂದು ಬಾಯಿಬಿಟ್ಟು ಹೇಳಿದರು. ಸೌದಿಯವರು ತಮ್ಮ ರಾಯಭಾರಿಯನ್ನು ಹಿಂದಕ್ಕೆ ಕರೆಸಿಕೊಂಡರು. ಸ್ವೀಡನ್ನಿನ ವರ್ತಕರು ವ್ಯಾಪಾರವು ಕೆಟ್ಟೀತೆಂದು ಗದ್ದಲ ಮಾಡಿದರು. ಸ್ವೀಡನ್ ಆ ಅರಸರೊಡನೆ ಮಾಡಿಕೊಂಡಿದ್ದ ರಕ್ಷಣಾ ಒಪ್ಪಂದವನ್ನು ಮುಂದುವರಿಸಲಿಲ್ಲ. ಬದಾವಿಯು ಸೆರೆಯಿಂದ ಹೊರಬಂದದ್ದು ೨೦೨೨ರಲ್ಲಿಯೇ. ಆದರೆ ಉಳಿದ ಒಂಬೈನೂರೈವತ್ತು ಏಟುಗಳು ಅವನ ಬೆನ್ನ ಮೇಲೆ ಬೀಳಲಿಲ್ಲ. ಕತಾರ್ ದೇಶದಲ್ಲಿ ಕೆಲಸಗಾರನು ಧಣಿಯ ಒಪ್ಪಿಗೆಯಿಲ್ಲದೆ ಕೆಲಸ ಬಿಡುವಂತಿಲ್ಲ, ಊರಿಗೆ ಹೋಗುವಂತಿಲ್ಲ ಎಂಬ ಕಟ್ಟಳೆಯಿದ್ದಿತು. ೨೦೧೪ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ಅದರ ಮೇಲೆ ದೂರು ದಾಖಲಾಯಿತು. ಜಗತ್ತಿನ ಕಣ್ಣು ಆ ಕಡೆಗೆ ತಿರುಗಿತು. ೨೦೧೮ರಿಂದ ೨೦೨೦ರ ವರೆಗೆ ಆ ಎರಡೂ ಕಟ್ಟಳೆಗಳನ್ನು ಅಲ್ಲಿಯ ಅರಸರು ಕಾಯಿದೆಯಿಂದ ತೆಗೆದರು. ಕಾಯಿದೆಯು ಬದಲಾದ ಮಾತ್ರಕ್ಕೆ ಧಣಿಗಳ ಬುದ್ಧಿ ಬದಲಾಗದು. ಆದರೂ ಹೊರಗಿನವರ ಮಾತು ವ್ಯರ್ಥವೆಂಬವರಿಗೆ ಇದು ಉತ್ತರವು.

ಕನ್ನಡ ನಾಡಿನ ಎಷ್ಟೋ ಮನೆಗಳ ಒಲೆಯು ಇಂದು ಇಂಥ ಅರಸರ ರಾಜ್ಯಗಳಿಂದ ಬರುವ ಹಣದಿಂದ ಉರಿಯುತ್ತದೆ. ಆದ್ದರಿಂದಲೇ ನಾವು ಮೌನವಾಗಿದ್ದೇವೆ, ನಮ್ಮ ಪ್ರತಿನಿಧಿಗಳೂ ಮೌನವಾಗಿದ್ದಾರೆ. ಈ ಮೌನದಲ್ಲಿ ಎರಡು ಬಗೆಯುಂಟು. ಕೈಗೆ ಸಿಕ್ಕವನ ಮೌನ ಒಂದು, ಕೈಗೆ ಸಿಕ್ಕದವನ ಮೌನ ಒಂದು. ಮಗನನ್ನು ಒತ್ತೆಯಿಟ್ಟಂತಿದ್ದ ಆ ತಂದೆಯ ಮೌನವು ಕ್ಷಮ್ಯವಷ್ಟೇ ಅಲ್ಲ, ಅದೇ ಅವರ ಧರ್ಮವು; ಆ ಅರ್ಜಿಯು ಅವರದು, ಅದರಲ್ಲಿ ನನ್ನ ಧೈರ್ಯವನ್ನು ಮೆರೆಯಿಸಲು ನನಗೆ ಅಧಿಕಾರವಿರಲಿಲ್ಲ. ಅವರು ಹೇಳಿದಂತೆ ಆ ವಾಕ್ಯವನ್ನು ಹೊಡೆದದ್ದು ಸರಿಯೇ. ಆದರೆ ಹುಡುಗನು ಮನೆಗೆ ಬಂದ ಮೇಲೂ ನಾನು ಅದನ್ನು ಬೇರೆ ಕಾಗದದ ಮೇಲೆ ನನ್ನ ಹೆಸರಿನಿಂದ ಬರೆಯಲಿಲ್ಲವಲ್ಲ, ಅದು ತಪ್ಪು. ಯಾರ ಕೈಯಲ್ಲಿಯೂ ಸಿಕ್ಕಿಲ್ಲದವನು, ಪೆನ್ಶನ್ನಿನ ಮೇಲೆ ಸುಖವಾಗಿರುವವನು, ತನಗೆ ಬೇಕಾದುದನ್ನು ಬರೆಯುವ ಹಕ್ಕನ್ನು ಮೈಲಾರ ಮಹಾದೇವಪ್ಪನವರಂಥವರ ನೆತ್ತರಿನಿಂದ ಪಡೆದವನು, ಸುಮ್ಮನಿರುವದಕ್ಕೆ ಯಾವ ನೆವವಿದೆ?

ಆದಕಾರಣ ಆ ವಾಕ್ಯವನ್ನು ಇಂದು ಇಲ್ಲಿ ಬರೆಯುತ್ತೇನೆ. ದಿಲ್ಲಿಯಲ್ಲಿ ನಮ್ಮ ಪರವಾಗಿ ಕುಳಿತ ಮಹನೀಯರು, ಅರಸರು ಆಳುವ ದೇಶಗಳೊಡನೆ ಎಣ್ಣೆಯ ಮಾತನ್ನೂ ವ್ಯಾಪಾರದ ಮಾತನ್ನೂ ಆಡುವ ಪ್ರತಿಯೊಂದು ಸಭೆಯಲ್ಲಿ, ಅಲ್ಲಿ ದುಡಿಯುವವರ ಮತ್ತು ಅಲ್ಲಿಯೇ ಹುಟ್ಟಿ ಬೆಳೆದ ಪ್ರಜೆಗಳ ಹಕ್ಕಿನ ಮಾತನ್ನೂ ಆಡತಕ್ಕದ್ದು. ಅವರು ತಿರುಗಿ ನಮ್ಮ ದೇಶದ ತಪ್ಪನ್ನು ತೋರಿಸಿದರೆ “ಅದು ನಮ್ಮ ಮನೆಯ ಮಾತು” ಎನ್ನದೆ ಕೇಳತಕ್ಕದ್ದು. ಸುಂದರಲಾಲರ ವರದಿಯಂತೆ ಯಾವುದನ್ನೂ ಪೆಟ್ಟಿಗೆಯಲ್ಲಿ ಮುಚ್ಚಿಡದಿರತಕ್ಕದ್ದು. ಇದನ್ನು ಮಾಡಿದರೆ ವ್ಯಾಪಾರದಲ್ಲಿ ಕೊಂಚ ನಷ್ಟವಾದೀತು, ಆಗಲಿ. ಅಂದು ಕಾಕಿನಾಡಾದವರೂ ಪುಣೆಯವರೂ ಅಕೋಲೆಯವರೂ ಮೊಗಲಾಯಿಯ ಪ್ರಜೆಗೆ ತಮ್ಮ ಜಗುಲಿಯನ್ನು ಕೊಟ್ಟರು. ಆ ಋಣವು ಕನ್ನಡಿಗರ ಮೇಲೂ ಇದೆ. ಅದನ್ನು ತೀರಿಸಲು ನಮಗಿರುವ ಜಗುಲಿಯೆಂದರೆ ಇಂಥ ಪತ್ರಿಕೆಯ ನಾಲ್ಕು ಪುಟಗಳಷ್ಟೇ ಆಗಿದ್ದರೂ, ಅದನ್ನು ಕೊಡದಿರುವದು ನ್ಯಾಯವಲ್ಲ.